ಗಡೀಪಾರಾದವನ ಊರು

ವಂಶದ ಮೂಲವನ್ನು ಅರಸಹೊರಡುವವರು ಸಾಮಾನ್ಯವಾಗಿ ಕೀರ್ತಿವಂತನಾದ ಪೂರ್ವಜನೊಬ್ಬನನ್ನು ಬಯಸುತ್ತಾರೆ. ಆಸ್ಟ್ರೇಲಿಯದ ಅನೇಕ ಕುಟುಂಬಗಳ ಶೋಧವಾದರೋ ಬೇಡಿ ತೊಟ್ಟ ಕೈದಿಯೊಬ್ಬನ ಎದುರು ಹೋಗಿ ನಿಲ್ಲುತ್ತದೆ. 1788ರಿಂದ 1868ರವರೆಗೆ ಬ್ರಿಟಿಷ್ ಆಡಳಿತವು 1,60,000ದಷ್ಟು ಅಪರಾಧಿಗಳನ್ನು ಆ ಖಂಡಕ್ಕೆ ಸಾಗಿಸಿತು. ಐರ್ಲೆಂಡಿನಿಂದ ನೇರವಾಗಿ ಕೈದಿಗಳನ್ನು ಒಯ್ದ ಮೊದಲ ಹಡಗು ‘ಕ್ವೀನ್’ 1791ರಲ್ಲಿ ಕಾರ್ಕ್ ಬಂದರನ್ನು ಬಿಟ್ಟಿತು. ಶಿಕ್ಷೆ ಏಳು ವರ್ಷದ್ದಿರಲಿ, ಜೀವಾವಧಿಯದಿರಲಿ, ಮರಳುವ ಹಡಗಿನ ಖರ್ಚು ಭರಿಸಲಾರದ ಬಡವನಿಗೆ ಅದು ಹಿಂತಿರುಗಲಾಗದ ಪಯಣವೇ ಆಗಿತ್ತು.

ಅವನ ಸಂತತಿಯವರು ಬಹುಕಾಲ ಈ ಸಂಗತಿಯನ್ನು ಕಳಂಕವೆಂದು ಬಗೆದು ಮುಚ್ಚಿಟ್ಟರು. ಅಜ್ಜ ಎಲ್ಲಿಂದ ಬಂದನೆಂಬ ಮೊಮ್ಮಕ್ಕಳ ಪ್ರಶ್ನೆಗೆ ಮೌನವೇ ಉತ್ತರವಾಯಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಮನೋಭಾವ ಬದಲಾಯಿತು. 1988ರಲ್ಲಿ ವಸಾಹತಿನ ದ್ವಿಶತಮಾನೋತ್ಸವದ ಸಂದರ್ಭದಲ್ಲಿ ಐರ್ಲೆಂಡ್ ಸರ್ಕಾರವು ಗಡೀಪಾರಿನ ದಾಖಲೆಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಆಸ್ಟ್ರೇಲಿಯಕ್ಕೆ ಕಾಣಿಕೆಯಾಗಿ ನೀಡಿತು. ಅಟ್ಟಲ್ಪಟ್ಟವರ ಹೆಸರುಗಳು ಅವರ ವಂಶಜರ ಕೈ ಸೇರಿದವು.

ಈ ಹೆಸರುಗಳು ಉಳಿದುಬಂದ ಬಗೆಯಲ್ಲಿ ಒಂದು ವಿಪರ್ಯಾಸವಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ‘ಫೋರ್ ಕೋರ್ಟ್ಸ್’ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಭಂಡಾರ ಬೆಂಕಿಗೆ ಆಹುತಿಯಾಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಭಾಗ ಬೂದಿಯಾಯಿತು. ಅನಂತರದ ನಾಲ್ಕು ಗಣತಿಗಳ ಹಾಳೆಗಳನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಪಡಿಸಿತ್ತು. ಆದರೆ ಕೈದಿಗಳ ಕಡತಗಳು ಡಬ್ಲಿನ್ ಕೋಟೆಯಲ್ಲಿದ್ದುದರಿಂದ ಉಳಿದುಕೊಂಡವು. ಊರಲ್ಲೇ ಉತ್ತು ಬಿತ್ತು ಸತ್ತ ನಿರಪರಾಧಿಯ ಗುರುತು ಅಳಿಸಿಹೋಗಿ, ಊರಿನಿಂದ ಹೊರದೂಡಲ್ಪಟ್ಟವನ ಗುರುತು ಉಳಿಯಿತು.

ಹಾಗೆಂದು ಶೋಧವೇನೂ ಸುಲಭವಲ್ಲ. ಸಿಡ್ನಿಗೆ ಬಂದ ಹಡಗಿನ ಕೈದಿಪಟ್ಟಿಯಲ್ಲಿ ವಯಸ್ಸು, ಕಸುಬು, ಅಪರಾಧ, ವಿಚಾರಣೆ ನಡೆದ ಸ್ಥಳಗಳು ದೊರೆಯುತ್ತವೆ. 1830ರ ದಶಕದ ಪಟ್ಟಿಗಳಲ್ಲಿ ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಗಾಯದ ಕಲೆಗಳೂ ಇವೆ. ಆದರೆ ಹುಟ್ಟೂರಿನ ಕಡೆಗೆ ಅನೇಕ ವೇಳೆ ಇರುವುದು ಜಿಲ್ಲೆಯ ಹೆಸರು ಮಾತ್ರ. ಐರ್ಲೆಂಡಿನಲ್ಲಿ ‘ಟೌನ್‌ಲ್ಯಾಂಡ್’ ಎಂಬ ಕಿರು ಭೂವಿಭಾಗಗಳೇ 60,000ಕ್ಕೂ ಮಿಗಿಲು. ಐರಿಷ್ ಭಾಷೆಯವನು ಹೇಳಿದ ಹೆಸರನ್ನು ಇಂಗ್ಲಿಷ್ ಗುಮಾಸ್ತ ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡ. ಒಂದೇ ಮನೆತನದ ಹೆಸರು ಒಂದೆಡೆ ‘ಓ’ಕಾರ ಸಹಿತ, ಇನ್ನೊಂದೆಡೆ ಅದಿಲ್ಲದೆ. ಓಲೆಗರಿಯ ಪಾಠಾಂತರಗಳನ್ನು ತೂಗಿ ನೋಡುವ ಗ್ರಂಥಸಂಪಾದಕನ ತಾಳ್ಮೆ ಇಲ್ಲಿ ಬೇಕಾಗುತ್ತದೆ. ಬಳಿಕ ಚರ್ಚಿನ ದೀಕ್ಷಾಸ್ನಾನದ ಪುಸ್ತಕ, 1820–30ರ ದಶಕಗಳ ದಶಾಂಶ ತೆರಿಗೆಯ ಪಟ್ಟಿ, 1847ರಿಂದ 1864ರ ನಡುವಿನ ‘ಗ್ರಿಫಿತ್’ ಭೂಮೌಲ್ಯಮಾಪನ ಇವುಗಳನ್ನು ಒಂದಕ್ಕೊಂದು ತಾಳೆ ನೋಡಬೇಕು.

ಕಳಂಕವೆಂಬ ಭಾವನೆ ಅಳಿದ ಮೇಲೆ ಮತ್ತೊಂದು ಮೋಹ ಹುಟ್ಟಿಕೊಂಡಿತು. ಪೂರ್ವಜನು ಬಂಡಾಯಗಾರನೇ ಆಗಿರಬೇಕೆಂಬ ಆಸೆ. 1798ರ ದಂಗೆಕೋರರೂ 1868ರಲ್ಲಿ ಬಂದ ಫೀನಿಯನ್ನರೂ ಕೈದಿಗಳಲ್ಲಿ ಇದ್ದರೆಂಬುದು ನಿಜ; ಆದರೆ ಬಹುಸಂಖ್ಯಾತರು ಕುರಿಯನ್ನೋ ಬಟ್ಟೆಯನ್ನೋ ಕದ್ದವರು. 1880ರಲ್ಲಿ ಮೆಲ್ಬರ್ನಿನಲ್ಲಿ ಗಲ್ಲಿಗೇರಿ ಜನಪದ ನಾಯಕನಾದ ನೆಡ್ ಕೆಲ್ಲಿಯ ತಂದೆ, ಟಿಪ್ಪರರಿಯ ಜಾನ್ ಕೆಲ್ಲಿ, ಏಳು ವರ್ಷಗಳ ಗಡೀಪಾರಿಗೆ ಗುರಿಯಾದದ್ದು ಎರಡು ಹಂದಿಗಳ ಕಳವಿಗಾಗಿ.

ಡಬ್ಲಿನ್ನಿನ ಅದೇ ಕಡತಗಳಲ್ಲಿ ಕ್ಷಮಾಯಾಚನೆಯ ಅರ್ಜಿಗಳೂ ಇವೆ. ತಂದೆತಾಯಿಗಳು, ಹೆಂಡತಿಯರು ಅನ್ಯರ ಕೈಯಿಂದ ಬರೆಸಿದ ಆ ಕಾಗದಗಳಲ್ಲಿ ಮನೆಮಂದಿಯ ಸಂಖ್ಯೆಯಿದೆ, ಬಡತನದ ವಿವರವಿದೆ, ಜೊತೆಯಲ್ಲಿ ತಮ್ಮನ್ನೂ ಕಳುಹಿಸಿಕೊಡಿರೆಂಬ ಮೊರೆಯಿದೆ. ನ್ಯಾಯಾಲಯದ ಪುಸ್ತಕ ಒಬ್ಬನ ಬಾಳಿನ ಒಂದು ದಿನದ ಕೃತ್ಯವನ್ನಷ್ಟೇ ಬಲ್ಲದು. ಅರ್ಜಿಯಾದರೋ ಅವನ ಹಿಂದೆ ಅಳುತ್ತ ನಿಂತವರನ್ನು ಬಲ್ಲದು.

ಬೆಂಕಿಗೆ ಸಿಕ್ಕಿದ ಭಂಡಾರವನ್ನು ಬೇರೆಡೆ ಉಳಿದ ನಕಲುಗಳ ನೆರವಿನಿಂದ ಮರುಕಟ್ಟುವ ಗಣಕ ಯೋಜನೆಯೊಂದು 2022ರಲ್ಲಿ ಲೋಕಾರ್ಪಣೆಗೊಂಡಿತು. ಆದ್ದರಿಂದ ಶೋಧ ಮುಂದುವರಿಯುತ್ತದೆ. ಅದರ ಕೊನೆಯಲ್ಲಿ ವಂಶಜನಿಗೆ ದೊರೆಯುವುದು ವೀರನೂ ಅಲ್ಲ, ಪಾತಕಿಯೂ ಅಲ್ಲ. ತನ್ನವರಿದ್ದ ಒಂದು ಊರಿನಿಂದ ಕಿತ್ತೊಯ್ಯಲ್ಪಟ್ಟ ಒಬ್ಬ ಮನುಷ್ಯ. ಆ ಊರಿನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುವುದೇ ಅವನಿಗೆ ಸಲ್ಲಿಸಬಹುದಾದ ತರ್ಪಣ.