ಹೋಗಬೇಡ ಎಂದ ಗುರು, ಹೋದ ಶಿಷ್ಯ

ಬೇಸಿಗೆ ರಜೆಗೆ ಹೈದರಾಬಾದಿನಿಂದ ಮೊಮ್ಮಕ್ಕಳಿಬ್ಬರೂ ಬೀದರಿಗೆ ಬಂದಿದ್ದರು. ಮೊಮ್ಮಗಳದು ಒಂಬತ್ತನೆಯ ತರಗತಿ, ಮೊಮ್ಮಗನದು ಏಳನೆಯದು. ಹೊರಗೆ ಕಾಲಿಡಲಾಗದ ಬಿಸಿಲು. ಒಂದು ಮಧ್ಯಾಹ್ನ ಇಬ್ಬರೂ ಟಿ.ವಿ.ಯ ಮುಂದೆ ಕುಳಿತು ಒಂದು ಇಂಗ್ಲಿಷ್ ಚಿತ್ರವನ್ನು ನೋಡಿದರು. ಚಿತ್ರ ಎರಡು ಗಂಟೆಯಲ್ಲಿ ಮುಗಿಯಿತು. ಅದರ ಮೇಲಿನ ಜಗಳ ರಾತ್ರಿಯ ಊಟದ ಹೊತ್ತಿಗೂ ಮುಗಿಯಲಿಲ್ಲ. ಕೊನೆಗೆ ನ್ಯಾಯ ಹೇಳಲು ನನ್ನನ್ನು ಕರೆದರು. "ಮುತ್ಯಾ, ನೀ ಮಾಸ್ತರ್ ಇದ್ದೆಲ್ಲಾ? ನೀನೇ ಹೇಳು, ಅವ ಹೋಗಿದ್ದು ಬರೋಬರಿಯೋ ತಪ್ಪೋ?"

ಕಥೆ ತಿಳಿಯದೆ ನ್ಯಾಯ ಹೇಳುವುದು ಹೇಗೆ? ಮರುದಿನ ನಾನೂ ಅವರೊಡನೆ ಕುಳಿತು ನೋಡಿದೆ. 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಎಂದು ಚಿತ್ರದ ಹೆಸರು. 1977ರಲ್ಲಿ ತೆರೆಕಂಡ 'ಸ್ಟಾರ್ ವಾರ್ಸ್'ನ ಮುಂದುವರಿದ ಭಾಗವಾಗಿ 1980ರಲ್ಲಿ ಬಂದುದು. ಕಥೆ ಜಾರ್ಜ್ ಲ್ಯೂಕಾಸ್ ಅವರದು, ನಿರ್ದೇಶನ ಅರ್ವಿನ್ ಕರ್ಷ್ನರ್ ಅವರದು. ಗಗನನೌಕೆಗಳ ಕಾದಾಟವೆಂದು ತಿಳಿದು ಕುಳಿತ ನನಗೆ ನಡುವೆ ಒಂದು ಗುರುಕುಲವೇ ಎದುರಾಯಿತು.

ಲ್ಯೂಕ್ ಎಂಬ ತರುಣ ಕೆಸರು ತುಂಬಿದ ನಿರ್ಜನ ಗ್ರಹವೊಂದಕ್ಕೆ ಹೋಗಿ ಯೋಡಾ ಎಂಬ ಕುಳ್ಳ ವೃದ್ಧನ ಬಳಿ ವಿದ್ಯೆ ಕಲಿಯುತ್ತಿರುತ್ತಾನೆ. ವಿದ್ಯೆ ಇನ್ನೂ ಅರ್ಧದಲ್ಲಿದೆ. ಒಂದು ದಿನ ಧ್ಯಾನದಲ್ಲಿ ಅವನಿಗೆ, ದೂರದ ಮೋಡಗಳ ನಗರದಲ್ಲಿ ತನ್ನ ಗೆಳೆಯರು ನರಳುತ್ತಿರುವುದು ಕಾಣುತ್ತದೆ. ಹೊರಟು ನಿಲ್ಲುತ್ತಾನೆ. ಯೋಡಾ ತಡೆಯುತ್ತಾನೆ, ಮೊದಲ ಗುರು ಓಬಿ-ವಾನ್ ಕೂಡ ಪ್ರೇತರೂಪದಲ್ಲಿ ಬಂದು ತಡೆಯುತ್ತಾನೆ. ಹೋದರೆ ಒಬ್ಬಂಟಿಯಾಗಿಯೇ ವೈರಿಯನ್ನು ಎದುರಿಸಬೇಕಾದೀತು ಎಂದು ಎಚ್ಚರಿಸುತ್ತಾನೆ. ಮರಳಿ ಬಂದು ವಿದ್ಯೆ ಪೂರೈಸುವೆನೆಂದು ಮಾತು ಕೊಟ್ಟು ಶಿಷ್ಯ ಹೊರಟೇ ಬಿಡುತ್ತಾನೆ.

ಮೊಮ್ಮಗನ ವಾದ ಹೀಗಿತ್ತು: ಗೆಳೆಯರನ್ನು ಹಿಂಸಿಸಿದ್ದೇ ಲ್ಯೂಕ್‌ನನ್ನು ಎಳೆತರಲು. ಅದು ಗಾಳಕ್ಕೆ ಕಟ್ಟಿದ ಎರೆ. ಅವನು ಹೋಗುವ ಮೊದಲೇ ಹಾನ್ ಎಂಬ ಗೆಳೆಯನನ್ನು ಹೆಪ್ಪುಗಟ್ಟಿಸಿ ಆಗಿತ್ತು. ಅವನನ್ನು ಹೊತ್ತೊಯ್ಯುವುದನ್ನು ತಡೆಯಲೂ ಆಗಲಿಲ್ಲ. ಉಳಿದವರು ಬೇರೊಬ್ಬನ ನೆರವಿನಿಂದ ಪಾರಾದರು. ಲ್ಯೂಕ್ ಗಳಿಸಿದ್ದೇನು? ವೈರಿಯಿಂದ ಒಂದು ಕೈ ಕಡಿಸಿಕೊಂಡು ನಗರದ ತಳದಲ್ಲಿ ನೇತಾಡಿದ. ಕಾಪಾಡಲು ಹೋದವನನ್ನು ಕಾಪಾಡಲು ಅವರೇ ಹಿಂದಿರುಗಿ ಬರಬೇಕಾಯಿತು.

ಮೊಮ್ಮಗಳು ಸೋಲಲಿಲ್ಲ. "ಲ್ಯೂಕ್ ಜೊತೆ ಯಾರು ಹೋಗಿದ್ದರು, ನೆನಪು ಮಾಡು" ಎಂದಳು. ಆರ್‌ಟು-ಡಿಟು ಎಂಬ ಪುಟ್ಟ ಯಂತ್ರಮಾನವ. ಗೆಳೆಯರ ನೌಕೆಯ ಮಹಾವೇಗದ ಯಂತ್ರವನ್ನು ಶತ್ರುಗಳು ಗುಟ್ಟಾಗಿ ನಿಷ್ಕ್ರಿಯಗೊಳಿಸಿದ್ದರು. ಅದನ್ನು ಆ ನಗರದ ಕಂಪ್ಯೂಟರಿನಿಂದ ತಿಳಿದುಕೊಂಡು ಕೊನೆಯ ಗಳಿಗೆಯಲ್ಲಿ ಸರಿಪಡಿಸಿದ್ದು ಅದೇ ಯಂತ್ರಮಾನವ. ಲ್ಯೂಕ್ ಹೋಗದಿದ್ದರೆ ಅದೂ ಅಲ್ಲಿ ಇರುತ್ತಿರಲಿಲ್ಲ, ಯಾರೂ ಪಾರಾಗುತ್ತಿರಲಿಲ್ಲ. ಅವಳ ಎರಡನೆಯ ಮಾತು ಇನ್ನೂ ಚುರುಕಾಗಿತ್ತು. ಆ ವೈರಿಯೇ ನಿನ್ನ ತಂದೆ ಎಂಬ ಸತ್ಯವನ್ನು ಗುರುಗಳಿಬ್ಬರೂ ಮುಚ್ಚಿಟ್ಟಿದ್ದರು. ನಿಜ ಹೇಳದೆ ಮಾತು ಕೇಳು ಎಂದರೆ ಶಿಷ್ಯ ಏಕೆ ಕೇಳಬೇಕು?

ಜಗತ್ತಿನಾದ್ಯಂತ ಈ ಚಿತ್ರದ ಅಭಿಮಾನಿಗಳು ನಾಲ್ಕು ದಶಕಗಳಿಂದ ಇದನ್ನೇ ಚರ್ಚಿಸುತ್ತ ಬಂದಿದ್ದಾರಂತೆ. ನಮಗೇನೂ ಇದು ಹೊಸತಲ್ಲ. ಒಳಹೋಗಲು ಮಾತ್ರ ಬಲ್ಲ, ಹೊರಬರಲು ಅರಿಯದ ಅಭಿಮನ್ಯು ಚಕ್ರವ್ಯೂಹವನ್ನು ಹೊಗಬೇಕಿತ್ತೇ ಎಂದು ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ಎಷ್ಟು ರಾತ್ರಿ ವಾದ ನಡೆದಿಲ್ಲ! ಆದರೆ ಅಭಿಮನ್ಯುವನ್ನು ಹಿರಿಯರೇ ಕಳುಹಿಸಿದರು. ಇಲ್ಲಿ ಹಿರಿಯರು ತಡೆದರು. ಜೀವನವಿಡೀ ಪಾಠ ಹೇಳಿದ ನಾನು ಸಹಜವಾಗಿಯೇ ಯೋಡಾನ ಪಕ್ಷ. ಮೊಮ್ಮಗನೇ ಸರಿ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಮೂವತ್ತು ವರ್ಷಗಳಾಚೆಯ ಒಬ್ಬ ಹುಡುಗ ನೆನಪಾದ.

1993ರಲ್ಲಿ ನಾನು ಭಾಲ್ಕಿಯಲ್ಲಿದ್ದೆ. ಔರಾದ ತಾಲೂಕಿನ ಒಂದು ಹಳ್ಳಿಯ ಹುಡುಗ ವಸತಿನಿಲಯದಲ್ಲಿದ್ದುಕೊಂಡು ನನ್ನ ಬಳಿ ಹತ್ತನೆಯ ತರಗತಿ ಓದುತ್ತಿದ್ದ. ಗಣಿತದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಸೆಪ್ಟೆಂಬರ್ 30, ಗುರುವಾರ. ಹಿಂದಿನ ದಿನವಷ್ಟೇ ಅನಂತ ಚತುರ್ದಶಿ, ಗಣಪತಿ ವಿಸರ್ಜನೆ. ನಸುಕಿನ ನಾಲ್ಕಕ್ಕೆ ಕೆಲವೇ ನಿಮಿಷಗಳಿರುವಾಗ ನಮ್ಮ ಮನೆಯ ಪಾತ್ರೆಗಳು ಗಲಗಲ ಸದ್ದು ಮಾಡಿದವು. ಬೆಳಗಾಗುವಷ್ಟರಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುದ್ದಿ ಬಂತು. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ ಭಾರದ ಮಣ್ಣಿನ ಮಾಳಿಗೆ. ನಮ್ಮ ಕಡೆಯ ಮನೆಗಳೂ ಅಂಥವೇ. ಮಲಗಿದವರ ಮೇಲೆ ಮನೆಗಳೇ ಕುಸಿದು, ಸುಮಾರು ಹತ್ತು ಸಾವಿರ ಜನ ಸತ್ತರೆಂದು ಆಮೇಲೆ ಲೆಕ್ಕವಾಯಿತು.

ಹುಡುಗ ನನ್ನ ಮುಂದೆ ಬಂದು ನಿಂತ. "ಅಲ್ಲಿ ನಮ್ಮಕ್ಕ ಹಾಳ್ರೀ ಸರ್. ನಾ ಹೋಗಬೇಕ್ರೀ." ಅಕ್ಕನನ್ನು ಕೊಟ್ಟಿದ್ದು ಕಿಲ್ಲಾರಿಯ ಪಕ್ಕದ ಹಳ್ಳಿಗೆ. ಬಸ್ ನಿಲ್ದಾಣದಲ್ಲಿ ನಾನಾಗಲೇ ಕೇಳಿದ್ದೆ, ಅಲ್ಲಿ ಊರಿಗೆ ಊರೇ ನೆಲಸಮವಾಗಿವೆಯೆಂದು. ಆದರೂ ಅವನಿಗೆ, "ಜನ ಒಂದಕ್ಕೆ ಹತ್ತು ಹೇಳ್ತಾರ, ಅಷ್ಟೇನೂ ಆಗಿಲ್ಲ. ಮುಂದಿನ ವಾರ ಪರೀಕ್ಷೆ ಅದ. ಅಲ್ಲಿ ಹೋಗಿ ಹದಿನೈದು ವರ್ಷದ ಹುಡುಗ ನೀ ಏನ್ ಮಾಡ್ತಿ?" ಎಂದೆ. ನೆಲ ಮತ್ತೆ ನಡುಗೀತೆಂಬ ಭಯ ನನಗೆ ನಿಜವಾಗಿಯೂ ಇತ್ತು. ಆದರೆ ಹೇಳಿದ ಮಾತು ಸುಳ್ಳು. ಸಂಜೆಯೊಳಗೆ ಯಾರದೋ ಬಾಯಿಂದ ಅವನಿಗೆ ನಿಜ ತಿಳಿಯಿತು. ಯಾರಿಗೂ ಹೇಳದೆ ರೈಲು ಹತ್ತಿ, ಉದಗೀರದ ಮೇಲೆ ಲಾತೂರ ರೋಡ್ ನಿಲ್ದಾಣ ತಲುಪಿ, ಅಲ್ಲಿಂದ ಕಂಡ ಕಂಡ ಲಾರಿ ಹತ್ತಿ ಹೋದನಂತೆ.

ಅವನು ಮರಳಿದ್ದು ದೀಪಾವಳಿ ಕಳೆದ ಮೇಲೆ. ಸೊರಗಿದ್ದ. ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿದ. ನನ್ನ ಮಾತು ಮೀರಿದ ಸಿಟ್ಟು ಒಂದೂವರೆ ತಿಂಗಳಾದರೂ ನನ್ನಲ್ಲಿ ಆರಿರಲಿಲ್ಲ. "ಬಾರಪ್ಪ ಶೂರ, ಯಾರನ್ನ ಉಳಿಸಿ ಬಂದಿ?" ಎಂದೆ. ಹುಡುಗರು ನಕ್ಕರು. ಅವನು ತಲೆ ತಗ್ಗಿಸಿ ಹಿಂದಿನ ಬೆಂಚಿಗೆ ಹೋಗಿ ಕುಳಿತ. ಮರುದಿನ ಬರಲಿಲ್ಲ. ಆಮೇಲೆಯೂ ಬರಲಿಲ್ಲ. ಮುಂದಿನ ಎಷ್ಟೋ ವರ್ಷ, ಹುಂಬತನದಿಂದ ಓದು ಕಳೆದುಕೊಂಡವನೆಂದು ಅವನ ಉದಾಹರಣೆಯನ್ನೇ ನಾನು ಬೇರೆ ಮಕ್ಕಳಿಗೆ ಕೊಟ್ಟೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಅದನ್ನು ಕೇಳಿಸಿಕೊಂಡಿದ್ದೀರಿ.

ನೆನೆದಾಗ ನಾಚಿಕೆಯಾಗುವ ಮಾತು ಇನ್ನೊಂದಿದೆ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಕಥೆಯನ್ನು ಪ್ರತಿ ರಾಜ್ಯೋತ್ಸವದಂದು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಿದ್ದವನು ನಾನೇ. ಆಳುವವರ ಮಾತು ಮೀರಿದ ಹಿರಿಯರನ್ನು ಕೊಂಡಾಡಿದ ನನಗೆ, ನನ್ನ ಮಾತು ಮೀರಿದ ಬಾಲಕನನ್ನು ಕ್ಷಮಿಸಲಾಗಲಿಲ್ಲ.

2018ರಲ್ಲಿ ಔರಾದದಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದವನೊಬ್ಬ ನನ್ನ ಪಾದ ಮುಟ್ಟಿದ. ಅವನೇ. ಉದಗೀರದ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವೆನೆಂದು ಹೇಳಿ ಬೇಗನೆ ಮುಂದಿನ ಸಾಲಿಗೆ ಸರಿದುಹೋದ. ಸ್ವಲ್ಪ ಹೊತ್ತಿಗೆ ಹಣ್ಣುಗೂದಲಿನ ಹೆಣ್ಣುಮಗಳೊಬ್ಬಳು ಬಂದು ನಮಸ್ಕರಿಸಿ, ತಾನು ಅವನ ಅಕ್ಕನೆಂದು ಹೇಳಿಕೊಂಡಳು.

ಆ ದಿನ ಬೆಳಗಾಗುವಷ್ಟರಲ್ಲೇ ನೆರೆಯವರು ಅವಳನ್ನು ಕಲ್ಲುಮಣ್ಣಿನಿಂದ ಹೊರಗೆ ತೆಗೆದಿದ್ದರಂತೆ. ಅವಳ ಎರಡು ಮಕ್ಕಳು ಮಾತ್ರ ಉಳಿಯಲಿಲ್ಲ. ತಮ್ಮ ತಲುಪಿದಾಗ ಎಲ್ಲವೂ ಮುಗಿದಿತ್ತು. ಅವನು ಉಳಿಸಬೇಕಾದವರು ಯಾರೂ ಅಲ್ಲಿರಲಿಲ್ಲ ಎಂದು ನನಗನಿಸಿತು. ಅವಳು ಹೇಳಿದ್ದು ಬೇರೆ. "ನಾ ಅನ್ನ ನೀರ ಬಿಟ್ಟಿದ್ದೆರೀ ಸರ್. ಇವ ಬಂದು ಬಾಜೂಕ ಕುಂತ. ಏನೂ ಮಾತಾಡ್ಲಿಲ್ಲ, ಒಂದೂವರೆ ತಿಂಗಳು ಬಾಜೂಕೇ ಕುಂತ. ಅದಕ್ಕೇ ನಾ ಉಳದೀನ್ರೀ."

ನಾನು ತರಗತಿಯಲ್ಲಿ ಕೇಳಿದ್ದ ಪ್ರಶ್ನೆಗೆ ಇಪ್ಪತ್ತೈದು ವರ್ಷಗಳ ಮೇಲೆ ಉತ್ತರ ಸಿಕ್ಕಿತು. ಉತ್ತರಿಸಿದವಳಿಗೆ ಪ್ರಶ್ನೆಯೇ ತಿಳಿದಿರಲಿಲ್ಲ. ತಮ್ಮ ಅದನ್ನು ಅಕ್ಕನಿಗೆ ಹೇಳಿರಲೇ ಇಲ್ಲ. ಆ ಗದ್ದಲದಲ್ಲಿ ನನಗೆ ಬಾಯಿ ಬರಲಿಲ್ಲ. ಅವನ ಫೋನ್ ನಂಬರು ಕೇಳಿ ಬರೆದುಕೊಂಡು ಮನೆಗೆ ಬಂದೆ.

ಮೊಮ್ಮಕ್ಕಳಿಗೆ ನಾನು ಕೊಟ್ಟ ತೀರ್ಪು ಅವರಿಗೆ ಹಿಡಿಸಲಿಲ್ಲ. ತಡೆದದ್ದೂ ಸರಿ, ಹೋದದ್ದೂ ಸರಿ ಎಂದೆ. "ಇದೇನ್ ನ್ಯಾಯ ಮುತ್ಯಾ?" ಎಂದು ಮೊಮ್ಮಗ ಮುನಿಸಿಕೊಂಡ. ಮೊಮ್ಮಗಳು 1983ರಲ್ಲಿ ಬಂದ ಮುಂದಿನ ಭಾಗವನ್ನು ಹಚ್ಚಿದಳು. ಅದರಲ್ಲಿ ಲ್ಯೂಕ್ ಕೊಟ್ಟ ಮಾತಿನಂತೆ ಯೋಡಾನ ಬಳಿಗೆ ಮರಳುತ್ತಾನೆ. ಗುರು ಆಗಲೇ ಸಾಯುವ ಹಾಸಿಗೆಯಲ್ಲಿದ್ದಾನೆ. ಅವಸರಪಟ್ಟೆ ಎಂದು ಒಂದು ಮಾತು ಆಡುತ್ತಾನೆ; ಆದರೆ ಬಾಗಿಲು ಮುಚ್ಚುವುದಿಲ್ಲ. ಹಿಂದೆ ಮುಚ್ಚಿಟ್ಟಿದ್ದ ಸತ್ಯವನ್ನು ಒಪ್ಪಿಕೊಳ್ಳುತ್ತಾನೆ, ನಿನಗೆ ಬೇಕಾದದ್ದು ನಿನಗಾಗಲೇ ಗೊತ್ತಿದೆ ಎಂದು ಹೇಳಿ ಕಣ್ಣು ಮುಚ್ಚುತ್ತಾನೆ. ಶಿಷ್ಯ ಹೋಗಬೇಕಿತ್ತೇ ಎಂಬುದಕ್ಕಿಂತ, ಹೋದವನು ಮರಳಿ ಬಾಗಿಲಲ್ಲಿ ನಿಂತಾಗ ಗುರು ಏನೆನ್ನುತ್ತಾನೆ ಎಂಬುದೇ ನನಗೆ ದೊಡ್ಡ ಪ್ರಶ್ನೆಯಾಗಿ ಕಂಡಿತು. ಆ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣನಾಗಿದ್ದೆ.

ಮರುದಿನ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. ಅಂದು ನಿನಗೆ ಸುಳ್ಳು ಹೇಳಿದೆ, ಬಂದ ಮೇಲೆ ಆಡಬಾರದ್ದನ್ನು ಆಡಿದೆ, ಎರಡೂ ತಪ್ಪು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಬಳಿಕ ಹೇಳಿದ: "ನೀವು ಹೇಳಿದಂಗೇ ಆಯ್ತಲ್ರೀ ಸರ್, ಓದು ಹೋಯ್ತು. ಅದರ ಸಂಕಟ ಅದಾರೀ. ಆದ್ರ ಹೋಗಲಾರ್ದೆ ನನಗ ಇರ್ಲಿಕ್ಕ ಆಗ್ತಿದ್ದಿಲ್ರೀ."

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ಈಗ ಮಾಸ್ತರರು, ತಂದೆ ತಾಯಂದಿರು. ಮಕ್ಕಳನ್ನು ತಡೆಯಬೇಕಾದಾಗ ಅವಶ್ಯವಾಗಿ ತಡೆಯಿರಿ. ನಿಜ ಹೇಳಿ ತಡೆಯಿರಿ. ಆದರೂ ಹೋದರೆ, ಮರಳಿ ಬಂದ ದಿನ ಮೊದಲು ಒಳಗೆ ಕರೆದು ಕೂರಿಸಿ, ಊಟವಾಯಿತೇ ಎಂದು ಕೇಳಿರಿ.