ಇಟಲಿ ಪ್ರವಾಸಕ್ಕೆ 11 ರಾತ್ರಿಗಳ ಲೆಕ್ಕ

ಇಟಲಿಗೆ ಮೊದಲ ಸಲ ಹೊರಡುವ ಕುಟುಂಬದ ಪಟ್ಟಿ ಬಹುಮಟ್ಟಿಗೆ ಒಂದೇ ರೀತಿ ಇರುತ್ತದೆ. ರೋಮ್, ನೇಪಲ್ಸ್, ಪಾಂಪೇ, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್, ಜೊತೆಗೆ ಯಾರೋ ಹೊಗಳಿದರೆಂದು ಉತ್ತರದ ಒಂದು ಸರೋವರ. ಎರಡು ವಾರದ ರಜೆಗೆ ಎಂಟು ಸ್ಥಳ! ‘ಇಷ್ಟು ದುಡ್ಡು ಹಾಕಿ ಹೋಗ್ತೀವಿ, ಮತ್ತೆ ಹೋಗೋದುಂಟೇ? ಎಲ್ಲಾ ನೋಡ್ಕೊಂಡೇ ಬರೋಣ’ ಎನ್ನುವ ಅಪ್ಪನ ಮಾತಿನಲ್ಲಿ ನ್ಯಾಯವೂ ಇದೆ. ಹತ್ತಾರು ವರ್ಷಗಳ ಉಳಿತಾಯ ಕರಗುವ ಕೆಲಸ ಇದು. ಆದರೆ ಲೆಕ್ಕ ಕೈಕೊಡುವುದೂ ಅಲ್ಲಿಯೇ.

ಇಟಲಿ ವಿಸ್ತೀರ್ಣದಲ್ಲಿ ಕರ್ನಾಟಕದ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಭೂಪಟದಲ್ಲಿ ಊರುಗಳು ಒಂದರ ಪಕ್ಕ ಒಂದು ಇರುವಂತೆ ಕಾಣುತ್ತವೆ. ಆದರೆ ಪ್ರತಿ ಸಲ ತಂಗುವ ಜಾಗ ಬದಲಿಸುವಾಗಲೂ ಅರ್ಧ ದಿನ ಹೋಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಕೋಣೆ ಬಿಡಬೇಕು, ಹೊಸ ಊರಿನ ಕೋಣೆ ಕೈಗೆ ಸಿಗುವುದು ಮಧ್ಯಾಹ್ನ ಎರಡು ಮೂರು ಗಂಟೆಯ ನಂತರ. ನಡುವೆ ರೈಲು ಎರಡೇ ಗಂಟೆಯದಾದರೂ ಸೂಟ್‌ಕೇಸು ಎಳೆಯುವುದು, ಹಸಿದ ಮಕ್ಕಳನ್ನು ಸಮಾಧಾನ ಮಾಡುವುದು ತಪ್ಪದು. ಏಳು ಸಲ ಬದಲಿಸಿದರೆ ಮೂರೂವರೆ ದಿನ ನಿಲ್ದಾಣಗಳಲ್ಲೇ ಕಳೆಯಿತು. ಆದ್ದರಿಂದ ಎಣಿಸಬೇಕಾದ್ದು ಊರುಗಳನ್ನಲ್ಲ, ರಾತ್ರಿಗಳನ್ನು.

ದಾವಣಗೆರೆಯ ಐದು ಜನರ ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅಪ್ಪ, ಅಮ್ಮ, ಒಂಬತ್ತನೇ ತರಗತಿಯ ಮಗಳು, ಆರನೇ ತರಗತಿಯ ಮಗ, ಮಂಡಿನೋವಿನ ಅಜ್ಜಿ. ಇವರಿಗೆ ಇಟಲಿಯಲ್ಲಿ 11 ರಾತ್ರಿ ಸಿಗುತ್ತದೆ. ರೋಮ್‌ನಲ್ಲಿ ನಾಲ್ಕು, ಫ್ಲಾರೆನ್ಸ್‌ನಲ್ಲಿ ನಾಲ್ಕು, ವೆನಿಸ್‌ನಲ್ಲಿ ಮೂರು. ಜಾಗ ಬದಲಿಸುವುದು ಎರಡೇ ಸಲ. ಮೂರೂ ಊರುಗಳು ವೇಗದ ರೈಲಿನ ಒಂದೇ ದಾರಿಯಲ್ಲಿವೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಸುಮಾರು ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆಗೆ ಚೂರು ಮೇಲೆ. ವಿಮಾನದ ಟಿಕೆಟನ್ನು ಹೋಗುವಾಗ ರೋಮ್‌ಗೆ, ಬರುವಾಗ ವೆನಿಸ್‌ನಿಂದ ಎಂದು ಒಟ್ಟಿಗೇ ಕೊಳ್ಳಬಹುದು. ಹೀಗೆ ಮಾಡಿದರೆ ಮತ್ತೆ ರೋಮ್‌ಗೆ ಓಡಿಬರುವ ಒಂದು ದಿನ ಉಳಿಯುತ್ತದೆ. ಬಾಡಿಗೆ ಕಾರಿನ ಆಸೆ ಬೇಡ. ಇಟಲಿಯ ಹಳೆಯ ಪೇಟೆಗಳ ಒಳಗೆ ಹೊರಗಿನ ಕಾರುಗಳಿಗೆ ಪ್ರವೇಶ ನಿಷೇಧ. ಕ್ಯಾಮೆರಾ ಸಂಖ್ಯೆ ಹಿಡಿದು ತಿಂಗಳುಗಳ ನಂತರ ದಂಡದ ಕಾಗದ ಊರಿಗೇ ಬರುತ್ತದೆ.

ಏಪ್ರಿಲ್-ಮೇ ಎಂದರೆ ನಮ್ಮಲ್ಲಿ ಶಾಲೆಗೆ ರಜೆ, ಅಲ್ಲಿ ಹಿತವಾದ ವಸಂತ. ಈಸ್ಟರ್ ವಾರ ಒಂದನ್ನು ತಪ್ಪಿಸಿಕೊಂಡರೆ ಸಾಕು. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು. ಕೊನೆಯ ಗಡುವು 15 ದಿನ ಮೊದಲು. ಬೇಸಿಗೆಯ ನೂಕುನುಗ್ಗಲಿನಲ್ಲಿ ಆ ಗಡುವನ್ನು ನಂಬಿ ಕೂರುವಂತಿಲ್ಲ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ 12ರೊಳಗಿನ ಮಕ್ಕಳಿಗೆ 45. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು 12 ತುಂಬಿದವರೆಲ್ಲ ಖುದ್ದಾಗಿ ಹೋಗಬೇಕಾದ್ದರಿಂದ ಅಜ್ಜಿಗೆ ಬೆಂಗಳೂರಿನ ಪ್ರಯಾಣವೂ ಲೆಕ್ಕಕ್ಕೆ ಸೇರುತ್ತದೆ.

ಇನ್ನು ರೋಮ್. ಇಳಿದ ದಿನವನ್ನು ಲೆಕ್ಕಕ್ಕೆ ಹಿಡಿಯಬಾರದು. ಉಳಿದ ಮೂರು ದಿನಗಳಲ್ಲಿ ಒಂದು ಕೊಲೋಸಿಯಮ್ ಮತ್ತು ಫೋರಮ್‌ಗೆ, ಒಂದು ವ್ಯಾಟಿಕನ್‌ಗೆ. ಕೊಲೋಸಿಯಮ್ ಟಿಕೆಟ್ಟಿನಲ್ಲಿ ಹೆಸರು, ಸಮಯ ಎರಡೂ ನಮೂದಾಗಿರುತ್ತದೆ. ಪಾಸ್‌ಪೋರ್ಟಿನ ಹೆಸರಿಗೆ ಅದು ಹೊಂದಬೇಕು. ಸರ್ಕಾರಿ ವಸ್ತುಸಂಗ್ರಹಾಲಯಗಳಲ್ಲಿ 18ರೊಳಗಿನ ಎಲ್ಲ ದೇಶದ ಮಕ್ಕಳಿಗೂ ಪ್ರವೇಶ ಉಚಿತ. ವ್ಯಾಟಿಕನ್ ಬೇರೆಯೇ ರಾಷ್ಟ್ರ, ಅಲ್ಲಿ ಈ ರಿಯಾಯಿತಿ ಇಲ್ಲ. ಭುಜ, ಮಂಡಿ ಮುಚ್ಚುವ ಉಡುಪು ಅಲ್ಲಿ ಕಡ್ಡಾಯ. ಸೀರೆಯ ಅಜ್ಜಿಗೆ ತೊಂದರೆಯೇನಿಲ್ಲ, ಚಡ್ಡಿಯ ಮೊಮ್ಮಗನಿಗೆ ಉಂಟು.

ಮೂರನೆಯ ದಿನಕ್ಕೆ ಮನೆಯಲ್ಲಿ ಜಗಳ ಶುರುವಾಗುತ್ತದೆ. ಮಗನಿಗೆ ಪಾಂಪೇ ಬೇಕು. ಕ್ರಿ.ಶ. 79ರಲ್ಲಿ ವೆಸೂವಿಯಸ್‌ನ ಬೂದಿಯಡಿ ಹೂತುಹೋದ ಊರನ್ನು ಪಾಠದಲ್ಲಿ ಓದಿದ ಹುಡುಗ ಬೇರೇನು ಕೇಳಿಯಾನು? ನೇಪಲ್ಸ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆಯ ಮೇಲೆ, ಅಲ್ಲಿಂದ ಸ್ಥಳೀಯ ರೈಲಿನಲ್ಲಿ ಮತ್ತೆ ಮುಕ್ಕಾಲು ಗಂಟೆ. ಅಪ್ಪ ಮಗ ಇಬ್ಬರೇ ಬೆಳಿಗ್ಗೆ ಹೊರಟು ರಾತ್ರಿಗೆ ಬರಬಹುದು. ನೆರಳಿಲ್ಲದ ಆ ಕಲ್ಲುಹಾಸಿನ ಬೀದಿಗಳಲ್ಲಿ ಅಜ್ಜಿಯನ್ನು ನಡೆಸುವುದು ನಿರ್ದಯೆ. ಕುಟುಂಬ ಪ್ರವಾಸವೆಂದರೆ ಎಲ್ಲರೂ ಎಲ್ಲ ಕಡೆ ಒಟ್ಟಿಗಿರಬೇಕೆಂಬ ಕಟ್ಟಳೆಯೇನೂ ಇಲ್ಲ.

ಅದೇ ದಿನ ಅಜ್ಜಿ, ಅಮ್ಮ, ಮಗಳು ಪ್ಯಾಂಥಿಯನ್‌ಗೆ ಹೋಗಲಿ. ಸುಮಾರು 1900 ವರ್ಷ ಹಳೆಯ ಈ ಗುಮ್ಮಟ, ಒಳಗೆ ಉಕ್ಕಿನ ಸರಳು ಇಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಜಗತ್ತಿನಲ್ಲೇ ದೊಡ್ಡದು. ಒಳ ಅಡ್ಡಳತೆ 43 ಮೀಟರಿಗೆ ಚೂರು ಹೆಚ್ಚು, ಎತ್ತರವೂ ಅಷ್ಟೇ. ಅಂದರೆ ಒಳಗೊಂದು ಪೂರ್ಣ ಗೋಳ ಕೂರುತ್ತದೆ. ಮೇಲೆ ಹೋದಂತೆ ಕಾಂಕ್ರೀಟಿಗೆ ಹಗುರವಾದ ಕಲ್ಲು ಬೆರೆಸಿದ್ದಾರೆ, ನೆತ್ತಿಯ ಹತ್ತಿರ ನೀರಲ್ಲಿ ತೇಲುವಂಥ ಜ್ವಾಲಾಮುಖಿಯ ಕಲ್ಲು. ನೆತ್ತಿಯಲ್ಲೇ ತೆರೆದ ದೊಡ್ಡ ರಂಧ್ರ. ಮಳೆ ಒಳಗೇ ಬೀಳುತ್ತದೆ, ನೆಲದ ಸಣ್ಣ ತೂತುಗಳಲ್ಲಿ ಹರಿದುಹೋಗುತ್ತದೆ. ಆ ರಂಧ್ರದಿಂದ ಬಿದ್ದ ಬಿಸಿಲಿನ ವೃತ್ತ ಗೋಡೆಯ ಮೇಲೆ ಸರಿಯುವುದನ್ನು ಅರ್ಧ ಗಂಟೆ ಕೂತು ನೋಡಿದರೆ ಭೂಮಿ ತಿರುಗುವ ಪಾಠ ಬೇರೆ ಬೇಕಿಲ್ಲ. ಎಂಟು ಊರಿನ ಪಟ್ಟಿಯಲ್ಲಿ ಈ ಅರ್ಧ ಗಂಟೆಗೆ ಎಡೆ ಎಲ್ಲಿ?

ಫ್ಲಾರೆನ್ಸ್‌ನಲ್ಲಿ ಉಫೀಜಿ ಚಿತ್ರಶಾಲೆಗೆ ಜನ ಮುಗಿಬೀಳುತ್ತಾರೆ. ಅದಕ್ಕೆ ಸೋಮವಾರ ರಜೆ ಎಂಬುದನ್ನು ಮರೆತು ಹೋದವರು ಪೆಚ್ಚಾಗಿ ವಾಪಸಾಗುತ್ತಾರೆ. ವಿದ್ಯಾರ್ಥಿಗಳು ತಪ್ಪಿಸಬಾರದ ಜಾಗ ಅದರ ಬೆನ್ನಿಗೇ ನದಿ ದಡದಲ್ಲಿದೆ: ಗೆಲಿಲಿಯೋ ವಸ್ತುಸಂಗ್ರಹಾಲಯ. ಅವನ ದೂರದರ್ಶಕಗಳಲ್ಲಿ ಉಳಿದುಬಂದ ಎರಡೂ ಅಲ್ಲಿವೆ. 1610ರ ಜನವರಿಯಲ್ಲಿ ಗುರುಗ್ರಹದ ಉಪಗ್ರಹಗಳನ್ನು ಕಾಣಿಸಿದ ಮಸೂರ, ಈಗ ಬಿರುಕು ಬಿಟ್ಟದ್ದು, ಕೆತ್ತನೆಯ ಚೌಕಟ್ಟಿನಲ್ಲಿದೆ. ಗಾಜಿನ ಪಾತ್ರೆಯೊಂದರಲ್ಲಿ ಅವನ ಬೆರಳೇ ಇದೆ! ಚರ್ಚಿನ ವಿಚಾರಣೆ ಎದುರಿಸಿ ಗೃಹಬಂಧನದಲ್ಲಿ 1642ರಲ್ಲಿ ಸತ್ತ ಮನುಷ್ಯನ ಬೆರಳನ್ನು ಸಂತರ ಅವಶೇಷದಂತೆ ಕಾಪಾಡಿದ್ದಾರೆ. ಮಕ್ಕಳು ಇದನ್ನು ಮರೆಯಲಾರರು.

ಪೀಸಾಕ್ಕೆ ಫ್ಲಾರೆನ್ಸ್‌ನಿಂದ ಸಾದಾ ರೈಲಿನಲ್ಲಿ ಒಂದು ಗಂಟೆ, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಸಾದಾ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸದಿದ್ದರೆ ದಂಡ ಬೀಳುತ್ತದೆ. ವಾಲುಗೋಪುರದಿಂದ ಗೆಲಿಲಿಯೋ ಎರಡು ಗುಂಡು ಬೀಳಿಸಿದ ಕಥೆ ಅವನ ಶಿಷ್ಯ ಬರೆದದ್ದು. ಇತಿಹಾಸಕಾರರಲ್ಲಿ ಅನೇಕರು ಅದನ್ನು ನಂಬುವುದಿಲ್ಲ. ಗೋಪುರದ ಸ್ವಂತ ಕಥೆಯೇ ಹೆಚ್ಚು ಸ್ವಾರಸ್ಯದ್ದು. 1173ರಲ್ಲಿ ಶುರುವಾದ ಕಟ್ಟಡ ಮೂರನೇ ಅಂತಸ್ತಿಗೆ ಬರುವಾಗಲೇ ಮೆತ್ತನೆಯ ನೆಲದಲ್ಲಿ ಕುಸಿಯಿತು. ಯುದ್ಧಗಳಿಂದಾಗಿ ಸುಮಾರು ಒಂದು ಶತಮಾನ ಕೆಲಸ ನಿಂತದ್ದೇ ಒಳ್ಳೆಯದಾಯಿತು, ಮಣ್ಣು ಗಟ್ಟಿಯಾಗಲು ಸಮಯ ಸಿಕ್ಕಿತು. 1990ರಲ್ಲಿ ಬಾಗಿಲು ಮುಚ್ಚಿ, ವಾಲದ ಬದಿಯ ಅಡಿಯಿಂದ ಎಂಜಿನಿಯರುಗಳು ಸ್ವಲ್ಪ ಸ್ವಲ್ಪವೇ ಮಣ್ಣು ತೆಗೆದು ಗೋಪುರವನ್ನು ನಲವತ್ತು ಸೆಂಟಿಮೀಟರಿಗೂ ಹೆಚ್ಚು ಹಿಂದಕ್ಕೆ ತಂದರು. 2001ರಲ್ಲಿ ಮತ್ತೆ ತೆರೆಯಿತು. ಎಂಟು ವರ್ಷ ತುಂಬದ ಮಕ್ಕಳನ್ನು ಮೇಲೆ ಬಿಡುವುದಿಲ್ಲ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಅಷ್ಟೇನೂ ಇಲ್ಲ. ಮಾರಿನಾರಾ ಪಿಜ್ಜಾ ಎಂದರೆ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಚೀಸೇ ಇಲ್ಲ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯಿಸಲು ಕರುವಿನ ಹೊಟ್ಟೆಯ ಕಿಣ್ವ ಬಳಸುತ್ತಾರೆ. ಕಟ್ಟುನಿಟ್ಟಿನವರು ಪಾಸ್ತಾದ ಮೇಲೆ ಅದನ್ನು ಉದುರಿಸಬೇಡಿ ಎಂದು ಮೊದಲೇ ಹೇಳಬೇಕು. ರಾತ್ರಿ ಊಟದ ಹೋಟೆಲುಗಳು ಏಳು, ಏಳೂವರೆಗೆ ಮೊದಲು ತೆರೆಯುವುದು ಅಪರೂಪ. ನಮ್ಮ ದರ್ಶಿನಿಗಳಂತೆ ನಿಂತು ಕುಡಿದರೆ ಕಾಫಿ ಅಗ್ಗ, ಕೂತರೆ ಬೆಲೆ ಏರುತ್ತದೆ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದರೆ ಐದು ಜನ ಒಂದೇ ಸೂರಿನಡಿ ಇರಬಹುದು, ಅಜ್ಜಿಗೆ ರಾತ್ರಿ ಅನ್ನ-ಸಾರೂ ಆಗುತ್ತದೆ. ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡೆ ಮುಂತಾದ ಹಾಲಿನ ಪದಾರ್ಥಗಳನ್ನು ಯುರೋಪಿನ ಒಕ್ಕೂಟದೊಳಗೆ ಬಿಡುವುದಿಲ್ಲ. ರೋಮ್‌ನ ಬೀದಿ ನಲ್ಲಿಗಳ ನೀರು ಶುದ್ಧ, ಬಾಟಲಿ ಕೊಳ್ಳಬೇಕಿಲ್ಲ.

ವೆನಿಸ್‌ನಲ್ಲಿ ಕೋಣೆ ದುಬಾರಿ. ಮೇಸ್ತ್ರೆ ಎಂಬಲ್ಲಿ, ಸಮುದ್ರದ ಈಚೆ ದಡದಲ್ಲಿ ತಂಗಿದರೆ ಹತ್ತು ನಿಮಿಷದ ರೈಲು. ದುಡ್ಡಷ್ಟೇ ಅಲ್ಲ, ಅಜ್ಜಿಯ ಮಂಡಿಗೂ ಅದೇ ಲೇಸು. ಊರೊಳಗೆ 400ಕ್ಕೂ ಹೆಚ್ಚು ಸೇತುವೆಗಳು. ಹೆಚ್ಚಿನವಕ್ಕೆ ಮೆಟ್ಟಿಲು, ಸೂಟ್‌ಕೇಸು ಹೊತ್ತೇ ದಾಟಬೇಕು. ಗೊಂಡೋಲ ದೋಣಿಯ ಅಧಿಕೃತ ದರ 2023ರ ನವೆಂಬರ್‌ನಿಂದ ಹಗಲು ಅರ್ಧ ಗಂಟೆಗೆ 90 ಯೂರೋ. ದೊಡ್ಡ ಕಾಲುವೆಯುದ್ದಕ್ಕೂ ಹೋಗುವ ಸಾರ್ವಜನಿಕ ದೋಣಿ ಅದೇ ನೀರನ್ನು ಅಗ್ಗಕ್ಕೆ ತೋರಿಸುತ್ತದೆ. 1609ರ ಆಗಸ್ಟ್‌ನಲ್ಲಿ ಗೆಲಿಲಿಯೋ ಊರಿನ ಹಿರಿಯರಿಗೆ ತನ್ನ ದೂರದರ್ಶಕ ತೋರಿಸಿದ್ದು ಸೇಂಟ್ ಮಾರ್ಕ್ ಚೌಕದ ಗೋಪುರದಲ್ಲಿ. ಆ ಗೋಪುರ 1902ರಲ್ಲಿ ಕುಸಿಯಿತು. ಈಗಿನದು 1912ರದ್ದು, ಒಳಗೆ ಲಿಫ್ಟ್ ಇದೆ. ಅಜ್ಜಿಯೂ ಮೇಲೇರಬಹುದು.

ಉಳಿದ ಒಂದು ದಿನ ಮಿಲಾನ್‌ಗಾಗಿ ಕೈ ತುರಿಸುತ್ತದೆ. ಅದರ ಬದಲು ಅರ್ಧ ಗಂಟೆಯ ಪಾದುವಾ ಆಗಲಿ. ಗೆಲಿಲಿಯೋ 18 ವರ್ಷ ಪಾಠ ಹೇಳಿದ ವಿಶ್ವವಿದ್ಯಾಲಯದಲ್ಲಿ, 16ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಅಂಗಚ್ಛೇದನ ಮಂಟಪ ಹಾಗೆಯೇ ಇದೆ. ಸ್ಕ್ರೋವೆನ್ಯಿ ಗುಡಿಯಲ್ಲಿ ಜೊತ್ತೊ ಬರೆದ ಬಾಲಯೇಸುವಿನ ಚಿತ್ರದ ಮೇಲೆ ಬಾಲವುಳ್ಳ ಕೆಂಪು ನಕ್ಷತ್ರ ಉಂಟು; 1301ರಲ್ಲಿ ಕಂಡ ಹ್ಯಾಲಿ ಧೂಮಕೇತುವೇ ಅದಕ್ಕೆ ಮಾದರಿ ಎನ್ನುತ್ತಾರೆ. ಒಳಗೆ ಬಿಡುವ ಮೊದಲು ಉಸಿರಿನ ತೇವ, ಧೂಳು ಚಿತ್ರಕ್ಕೆ ತಾಗದಿರಲೆಂದು ಕಾಲು ಗಂಟೆ ಗಾಜಿನ ಕೋಣೆಯಲ್ಲಿ ಕೂರಿಸುತ್ತಾರೆ. ಟಿಕೆಟ್ ಮೊದಲೇ ಕಾದಿರಿಸಬೇಕು, ತಡವಾಗಿ ಬಂದವರಿಗೆ ಪ್ರವೇಶವಿಲ್ಲ.