ಆರು ಎಲೆಯ ಹಬ್ಬ

ಇನ್ನೂರು ಜನರ ಮದುವೆಯ ಅಡುಗೆಗೆ ಪಟ್ಟಿ ಹಾಕುವುದು ಕಷ್ಟವೆಂದು ಲೋಕವೆಲ್ಲ ಒಪ್ಪುತ್ತದೆ. ಆರು ಜನರ ಹಬ್ಬದೂಟಕ್ಕೆ ಪಟ್ಟಿ ಹಾಕುವುದು ಅದಕ್ಕಿಂತ ಕಷ್ಟವೆಂದರೆ ನಂಬುವವರು ಕಡಿಮೆ. ಮದುವೆಗೆ ಅನುಭವಸ್ಥನಾದ ಒಬ್ಬ ಅಡುಗೆಯವನು ದೊರೆತರೆ ತೀರಿತು. ಅಲ್ಲಿ ಉಣ್ಣುವವರು ಬರಿಯ ‘ಪಂಕ್ತಿ’. ಪಂಕ್ತಿಗೆ ಹಸಿವುಂಟೇ ಹೊರತು ಹೆಸರಿಲ್ಲ. ಆರು ಎಲೆಯ ಊಟದಲ್ಲಾದರೋ ಒಂದೊಂದು ಎಲೆಯ ಮುಂದೆಯೂ ನಿಜವಾದ ಒಬ್ಬ ಮನುಷ್ಯ ಕುಳಿತಿರುತ್ತಾನೆ. ಅವನ ಹಲ್ಲು, ಅವನ ಪಿತ್ತ, ಅವನು ಹುಟ್ಟಿದ ಊರು, ಚಿಕ್ಕಂದಿನಲ್ಲಿ ಯಾರ ಕೈಯಡುಗೆಯನ್ನು ಉಂಡು ಬೆಳೆದನೆಂಬುದು, ಇವೆಲ್ಲವೂ ಕರೆಯದೆಯೇ ಬಂದು ಪಟ್ಟಿಯೊಳಗೆ ಕುಳಿತುಕೊಳ್ಳುತ್ತವೆ.

ನಮ್ಮ ಹಿರಿಯರು ಊಟದ ವಿಷಯವನ್ನು ಲಘುವೆಂದು ಎಣಿಸಿದವರಲ್ಲ. 11ನೆಯ ಶತಮಾನದಲ್ಲಿ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸುವಾಗ ನೀರು, ಗಿಡಮರ, ವೈದ್ಯಗಳೊಡನೆ ಸೂಪಶಾಸ್ತ್ರಕ್ಕೂ ಸ್ಥಳ ಕೊಟ್ಟನು. 12ನೆಯ ಶತಮಾನದಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ದಲ್ಲಿ ಅನ್ನವನ್ನು ರಾಜಭೋಗಗಳಲ್ಲಿ ಒಂದೆಂದೇ ಲೆಕ್ಕ ಹಾಕಿದನು. ಮೂರನೆಯ ಮಂಗರಸನಂತೂ ಅಡುಗೆಯನ್ನು ಷಟ್ಪದಿಯಲ್ಲಿಯೇ ಹಾಡಿದನು. ಇವರೆಲ್ಲರ ಗಮನವೂ ಏನನ್ನು ಮಾಡಬೇಕು, ಹೇಗೆ ಮಾಡಬೇಕು ಎಂಬುದರ ಕಡೆಗೆ. ಏನನ್ನು ಬಿಡಬೇಕು ಎಂಬ ಚಿಂತೆ ಅರಸರಿಗೆ ಏಕೆ ಬಂದೀತು? ಅದು ನಮ್ಮಂಥವರ ಪಾಲಿನ ಶಾಸ್ತ್ರ.

ವಿಶ್ವಾವಸು ಸಂವತ್ಸರದ ಯುಗಾದಿಯು 2025ರ ಮಾರ್ಚ್ 30ರಂದು, ಭಾನುವಾರ ಬಂದಿತು. ರಜೆಯೊಂದು ವ್ಯರ್ಥವಾಯಿತೆಂದು ಗೊಣಗಿದವರು ಉಂಟು. ಆದರೆ ಮರುದಿನ ರಂಜಾನಿನ ರಜೆಯೂ ಸೇರಿದ್ದುದರಿಂದ, ಧಾರವಾಡದಲ್ಲಿರುವ ನಮ್ಮ ಅಣ್ಣನೂ ಅತ್ತಿಗೆಯೂ ಅವರ ಮಗನೂ ಮೈಸೂರಿಗೆ ಬರುವುದೆಂದು ನಿಶ್ಚಯವಾಯಿತು. ಅವರು ಮೂವರು, ಇಲ್ಲಿ ನಾನು, ನನ್ನ ಹೆಂಡತಿ, ನಮ್ಮ ತಾಯಿಯವರು. ಹಬ್ಬಕ್ಕೆ ಒಂದು ವಾರವಿರುವಾಗಲೇ ಪಟ್ಟಿಯ ಕಾಗದ ನನ್ನ ಕೈಗೆ ಬಂದಿತು. ಬರವಣಿಗೆ ಎಷ್ಟೇ ಕೆಟ್ಟದಾಗಿದ್ದರೂ ಬರೆಯುವವನು ನಾನೇ ಎಂಬುದು ಮನೆಯ ಪದ್ಧತಿ.

ಬೇವು ಬೆಲ್ಲದಲ್ಲಿ ವಾದವಿಲ್ಲ. ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಇವು ತಾವಾಗಿಯೇ ಬಂದು ಸೇರಿದುವು. ಪಾಯಸವನ್ನು ಹೊಡೆದು ಹಾಕಿದೆವು. ಆರು ಜನರಿಗೆ ಎರಡು ಸಿಹಿ ಅನಾವಶ್ಯಕ. ಆಂಬೊಡೆಯ ಮೇಲೆ ಸ್ವಲ್ಪ ಚರ್ಚೆ ನಡೆಯಿತು. ತಾಯಿಯವರಿಗೆ ಹಲ್ಲಿಲ್ಲ, ಅಣ್ಣನ ಮಗನಿಗೆ ಅದಿಲ್ಲದೆ ಹಬ್ಬವಿಲ್ಲ. ಕೆಲವನ್ನು ಮಜ್ಜಿಗೆಹುಳಿಯಲ್ಲಿ ನೆನೆಹಾಕುವುದೆಂದು ತೀರ್ಮಾನವಾಗಿ, ಒಂದೇ ಬಾಣಲೆಯಿಂದ ಇಬ್ಬರ ಕೆಲಸವೂ ಆದಂತಾಯಿತು.

ಕಷ್ಟವೆಲ್ಲ ಒಬ್ಬಟ್ಟಿನಲ್ಲಿ. ಹಿಂದಿನ ವರ್ಷದವರೆಗೆ ಅದನ್ನು ತಟ್ಟುತ್ತಿದ್ದವರು ನಮ್ಮ ತಾಯಿಯವರು. ಚಿರೋಟಿ ರವೆಯ ಕಣಕಕ್ಕೆ ಅರಿಸಿನ ಬೆರೆಸಿ, ಎಣ್ಣೆಯಲ್ಲಿ ಮುಳುಗಿಸಿ ಎರಡು ಗಂಟೆ ಬಿಟ್ಟು, ಬಾಳೆಯೆಲೆಯ ಮೇಲೆ ಬೆರಳ ತುದಿಯಿಂದಲೇ ಅಂಚಿನವರೆಗೂ ಹೂರಣವನ್ನು ಹರಡುವುದು ಅವರ ಕ್ರಮ. ಈಗ ಅವರ ಕೈ ನಡುಗುತ್ತದೆ. ನನ್ನ ಹೆಂಡತಿಗೆ ಉಳಿದೆಲ್ಲ ಅಡುಗೆಯೂ ಬರುತ್ತದೆ. ಈ ತಟ್ಟುವ ವಿದ್ಯೆಯೊಂದು ಬರಲಿಲ್ಲ, ಕಲಿಸುವ ತಾಳ್ಮೆ ಅತ್ತೆಗೂ ಇರಲಿಲ್ಲ. ನಮ್ಮ ಅತ್ತಿಗೆಯೋ ಧಾರವಾಡದ ಮಗಳು. ಅವರ ಬಾಯಲ್ಲಿ ಅದು ಒಬ್ಬಟ್ಟಲ್ಲ, ಹೋಳಿಗೆ. ತೊಗರಿಬೇಳೆಯಲ್ಲ, ಕಡಲೆಬೇಳೆ. ಚಿರೋಟಿ ರವೆಯಲ್ಲ, ಗೋಧಿಯ ಹಿಟ್ಟು, ತಟ್ಟುವುದಲ್ಲ, ಲಟ್ಟಿಸುವುದು. ಮದುವೆಯಾಗಿ ಇಪ್ಪತ್ತೈದು ವರ್ಷಗಳಾದರೂ ಯುಗಾದಿಯ ದಿನ ನಮ್ಮ ಮನೆಯ ಒಲೆಯ ಮುಂದೆ ಆಕೆ ಎಂದೂ ಕುಳಿತವರಲ್ಲ. ಬಂದಾಗಲೆಲ್ಲ ತಾಯಿಯವರ ಒಬ್ಬಟ್ಟನ್ನು ಉಂಡು, ಚೆನ್ನಾಗಿದೆಯೆಂದು ಹೇಳಿ ಹೋಗುವರು. ಅದರಲ್ಲಿ ಏನು ಕೊರತೆಯುಂಟೆಂದು ನಾವು ಯಾರೂ ಕೇಳಿರಲಿಲ್ಲ.

ಅಣ್ಣನ ಮಗನು ದೂರವಾಣಿಯಲ್ಲಿ ಸುಲಭವಾದ ಮಾರ್ಗವನ್ನು ಸೂಚಿಸಿದನು: ಹೋಳಿಗೆಯನ್ನೇ ಮಾರುವ ಅಂಗಡಿಗಳು ಈಗ ಬೀದಿಗೊಂದಾಗಿವೆ, ಇಪ್ಪತ್ತು ತಂದರೆ ಎಲ್ಲರ ತಕರಾರೂ ಮುಗಿಯುತ್ತದೆ. ಮಾತಿನಲ್ಲಿ ಯುಕ್ತಿಯಿಲ್ಲದಿಲ್ಲ. ಅಂಗಡಿಯ ಹೋಳಿಗೆಯನ್ನು ಹಳಿಯುವುದು ಗೃಹಸ್ಥರ ಒಂದು ಚಟ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಹೋಳಿಗೆ ಒಂಟಿಯಾದ ಭಕ್ಷ್ಯವಲ್ಲವೆಂಬುದನ್ನು ಹುಡುಗನು ಮರೆತನು. ಬೇಳೆ ಬೆಂದು ಮೆತ್ತಗಾದ ಮೇಲೆ, ಕರಗುವುದಕ್ಕೆ ಮುಂಚೆ, ಬಸಿದ ನೀರೇ ‘ಕಟ್ಟು’. ಬೇಳೆಯ ಸಾರವೆಷ್ಟೋ ಅದರಲ್ಲಿ ಇಳಿದಿರುತ್ತದೆ. ಆ ಕಟ್ಟಿಗೆ ಹುಣಿಸೆಯ ರಸವನ್ನೂ ಸಾರಿನ ಪುಡಿಯನ್ನೂ ಒಂದು ಹಿಡಿ ಹೂರಣವನ್ನೂ ಕದಡಿ ಕುದಿಸಿದರೆ ಒಬ್ಬಟ್ಟಿನ ಸಾರು. ಎರಡೂ ಒಂದೇ ಪಾತ್ರೆಯಲ್ಲಿ ಹುಟ್ಟಿದ ಒಡಹುಟ್ಟುಗಳು. ಅಂಗಡಿಯಿಂದ ಹೋಳಿಗೆ ಬರುತ್ತದೆ, ಕಟ್ಟು ಬರುವುದಿಲ್ಲ.

ಇತರರಿಗೆ ಇದು ರುಚಿಯ ಮಾತು. ನಮ್ಮ ತಾಯಿಯವರಿಗೆ ಹಾಗಲ್ಲ. ಅವರಿಗೆ ಸಕ್ಕರೆಯ ಕಾಯಿಲೆ. ಸಕ್ಕರೆಗಿಂತ ಬೆಲ್ಲ ನಿರಪಾಯವೆಂದು ನೆರೆಹೊರೆಯವರು ಧೈರ್ಯ ಹೇಳುತ್ತಾರೆ. ಅದು ಹುಸಿ, ರಕ್ತಕ್ಕೆ ಎರಡೂ ಒಂದೇ. ವೈದ್ಯರು ಅರ್ಧ ಹೋಳಿಗೆಗೆ ಒಪ್ಪಿದ್ದಾರೆ, ಅದೂ ಅನ್ನವನ್ನು ಕಡಿಮೆ ಮಾಡಿಕೊಂಡರೆ. ಆದ್ದರಿಂದ ಅವರ ಎಲೆಯಲ್ಲಿ ಹಬ್ಬವೆಂಬುದು ಉಳಿಯುವುದಾದರೆ ಸಾರಿನಲ್ಲಿಯೇ ಉಳಿಯಬೇಕು. ಅಂಗಡಿಯ ಇಪ್ಪತ್ತು ಹೋಳಿಗೆಗಳಿಂದ ಐವರಿಗೆ ಯುಗಾದಿಯಾದೀತು, ಆರನೆಯವರಿಗೆ ಆಗದು.

ಎರಡು ಬೇಳೆಯಲ್ಲಿ ಎರಡು ಬಗೆ ಮಾಡಬಹುದಲ್ಲವೆ ಎಂದು ನನ್ನ ಹೆಂಡತಿ ಕೇಳಿದಳು. ಪಂಕ್ತಿಗಾದರೆ ಸರಿ. ಆರು ಎಲೆಗೆ ಒಂದು ಪಾವು ಬೇಳೆ ಸಾಕು. ಹದಿಮೂರು ಹದಿನಾಲ್ಕು ಹೋಳಿಗೆ ಆಗುತ್ತವೆ. (1958ರಲ್ಲಿ ಮೆಟ್ರಿಕ್ ತೂಕಗಳು ಬಂದರೂ ನಮ್ಮ ಅಡುಗೆಮನೆಯಲ್ಲಿ ಪಾವು ಇನ್ನೂ ನಿವೃತ್ತಿ ಹೊಂದಿಲ್ಲ.) ಅದನ್ನು ಎರಡಾಗಿ ಒಡೆದರೆ ಎರಡು ಚಟಾಕು, ಎರಡು ಚಟಾಕು, ಅಷ್ಟರ ಕಟ್ಟಿನಲ್ಲಿ ಸಾರು ತಳ ಮುಚ್ಚುವಷ್ಟೂ ಆಗುವುದಿಲ್ಲ. ಅಷ್ಟು ಸ್ವಲ್ಪವಾದ ಹೂರಣ ಮಿಕ್ಸಿಯಲ್ಲಿ ನೀರಿಲ್ಲದೆ ತಿರುಗದು. ನೀರು ಹಾಕಿದರೆ ಕಣಕವನ್ನು ಹರಿದು ಹೊರಗೆ ಬರುತ್ತದೆ. ಇದಲ್ಲದೆ, ಒಂದು ಮನೆಯ ಆರು ಎಲೆಗಳಲ್ಲಿ ಎರಡು ಬಗೆಯ ಹೋಳಿಗೆ ಬಡಿಸುವುದೆಂದರೆ ನಡುವೆ ಗೆರೆ ಎಳೆದಂತೆ. ಅಣ್ಣನು ಯಾವ ಕಡೆ ಕೈ ಚಾಚಬೇಕು?

ಒಂದೇ ಬೇಳೆಯೆಂದಾದರೆ ಯಾರದು? ಎರಡು ದಿನ ಪಟ್ಟಿಯಲ್ಲಿ ಆ ಸಾಲು ಬರಿದಾಗಿಯೇ ಇತ್ತು. ಮೂರನೆಯ ದಿನ ತಾಯಿಯವರು, ನಾವು ಕೇಳದೆಯೇ, “ಕಡಲೆಬೇಳೆ ಅಂತ ಬರಿ” ಎಂದರು. “ಲಟ್ಟಿಸೋಳು ಅವಳು. ಅವಳ ಕೈಗೆ ಗೊತ್ತಿರೋ ಬೇಳೆ ಬೇಕು.” ಸ್ವಲ್ಪ ಹೊತ್ತು ಬಿಟ್ಟು, “ಕಟ್ಟನ್ನು ಮಾತ್ರ ನನಗೆ ಕೊಡಬೇಕು, ಸಾರಿಗೆ ನನ್ನ ಪುಡಿ” ಎಂದು ಸೇರಿಸಿದರು. ಕಡಲೆಬೇಳೆಯ ಕಟ್ಟಿನ ಸಾರು ಧಾರವಾಡದಲ್ಲಿ ಪ್ರಸಿದ್ಧವಾದುದೇ. ಅದಕ್ಕೆ ಮೈಸೂರಿನ ಸಾರಿನ ಪುಡಿ ಬಿದ್ದರೆ ಯಾವ ಊರಿನದಾಗುತ್ತದೆಂದು ನಿರ್ಣಯಿಸುವುದು ನನ್ನ ಶಕ್ತಿಗೆ ಮೀರಿದ್ದು. ಅತ್ತಿಗೆಗೆ ಈ ಸಂಗತಿಯನ್ನು ತಿಳಿಸಿದಾಗ ಅತ್ತ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆಮೇಲೆ, ಲಟ್ಟಣಿಗೆಯನ್ನು ತಾವೇ ತರುವುದಾಗಿ ಹೇಳಿದರು.

ಇನ್ನು ಉಳಿದುದು ಹಾಗಲಕಾಯಿ ಗೊಜ್ಜು. ನಮ್ಮ ಮನೆಯಲ್ಲಿ ಅದನ್ನು ಮನಸ್ಸಿಟ್ಟು ಉಣ್ಣುತ್ತಿದ್ದವರು ನಮ್ಮ ತಂದೆಯವರೊಬ್ಬರೇ. ಅವರು ಹೋದ ಮೇಲೆ ಅದು ಎಲೆಯ ತುದಿಯಲ್ಲಿ ಬಿದ್ದುಕೊಂಡಿರುತ್ತದೆ, ಯಾರೂ ಮುಟ್ಟುವುದಿಲ್ಲ. ಏನನ್ನು ಬಿಡಬೇಕೆಂಬ ಶಾಸ್ತ್ರದ ಪ್ರಕಾರ ಮೊದಲು ಹೋಗಬೇಕಾದುದು ಅದೇ. ನಾನೂ ಬರೆಯದೆ ಕಾಗದವನ್ನು ಮಡಿಸುತ್ತಿದ್ದೆ. ತಾಯಿಯವರು ಪಟ್ಟಿಯನ್ನು ಮೊದಲಿನಿಂದ ಓದಿಸಿಕೇಳಿ, ಕೊನೆಗೆ ಒಂದು ಸಾಲನ್ನು ತಾವೇ ಹೇಳಿ ಬರೆಸಿದರು: ಹಾಗಲಕಾಯಿ, ಒಂದು, ಎಳೆಯದು.